ಶುಲ್ಕ ಪಡೆಯುವ ಪಾರ್ಕಿಂಗ್‌ನವರಿಗೆ ಹೊಣೆ ಬೇಡವೇ?

ಮಾನ್ಯ ಸಂಪಾದಕರೇ,

ಮಾಲ್, ಆಸ್ಪತ್ರೆ, ಕಲ್ಯಾಣ ಮಂಟಪಗಳ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಹೋಗಿ, ಕೆಲಸ ಮುಗಿಸಿ ಬರುವಷ್ಟರಲ್ಲಿ ಬಂಪರ್ ಉಜ್ಜಿಹೋಗಿರುವುದು, ಬಾಗಿಲು ತಗ್ಗಾಗಿರುವುದು, ಕನ್ನಡಿ ಮುರಿದು ನೇತಾಡುತ್ತಿರುವುದು ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡ ಅನೇಕರಿಗೆ ಹೊಸ ಅನುಭವವಲ್ಲ. ತಗುಲಿಸಿದವರು ಅಷ್ಟು ಹೊತ್ತಿಗೆ ಹೊರಟುಹೋಗಿರುತ್ತಾರೆ. ಹಿಂದಕ್ಕೆ ತೆಗೆಯುವಾಗ ಗೊತ್ತಾಗಲಿಲ್ಲ ಎಂಬ ಸಮಜಾಯಿಷಿಯೂ ಈಗ ಅಷ್ಟಾಗಿ ಸಲ್ಲದು. 2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿರುವುದರಿಂದ, ಹಿಂದೆ ಏನಾದರೂ ಇದ್ದರೆ ಕಾರೇ ಕೂಗಿ ಹೇಳುತ್ತದೆ. ಆಯುಧ ಪೂಜೆಯ ದಿನ ತಮ್ಮ ಕಾರಿಗೆ ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು ದೃಷ್ಟಿ ತೆಗೆಯುವವರೇ ಪಕ್ಕದ ಕಾರಿನ ಬಣ್ಣ ಕಿತ್ತರೆ ಇಳಿದು ಸಹ ನೋಡದಿರುವುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರ ಪ್ರಕಾರ, ತನ್ನ ವಾಹನದಿಂದ ಬೇರೆಯವರ ಸ್ವತ್ತಿಗೆ ಹಾನಿಯಾದರೆ ಚಾಲಕನು ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದ ಪಕ್ಷದಲ್ಲಿ 24 ಗಂಟೆಯೊಳಗೆ ಸಮೀಪದ ಠಾಣೆಗೆ ತಿಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ ಅಥವಾ ₹5,000ದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಸೆಕ್ಷನ್ 187ರಲ್ಲಿ ಅವಕಾಶವಿದೆ. ಆದರೆ ಬಾಗಿಲ ಮೇಲಿನ ಒಂದು ಗೀರಿಗಾಗಿ ಠಾಣೆಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರವೇ ಬೇರೆ. ಬೇಸ್‌ಮೆಂಟ್ ಸಾರ್ವಜನಿಕ ರಸ್ತೆಯಲ್ಲವಾದ್ದರಿಂದ ಅಜಾಗರೂಕ ಚಾಲನೆಯ ಪ್ರಕರಣ ನಿಲ್ಲುವುದು ಕಷ್ಟ. ಬೇಕೆಂದೇ ಮಾಡಿದ್ದಲ್ಲವಾದ್ದರಿಂದ ಸ್ವತ್ತು ಹಾಳುಮಾಡಿದ ಅಪರಾಧವೂ ಆಗುವುದಿಲ್ಲ. ಆದ್ದರಿಂದ ಇದು ಸಿವಿಲ್ ವ್ಯಾಜ್ಯ, ನೀವು ನೀವೇ ಮಾತಾಡಿಕೊಳ್ಳಿ ಎನ್ನುತ್ತಾರೆ. ಯಾರೊಡನೆ ಮಾತಾಡುವುದು ಎಂಬುದೇ ಪ್ರಶ್ನೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವ ದಾರಿಯೂ ಇದೆಯೆನ್ನಿ, ಆದರೆ ನಾಲ್ಕು ಸಾವಿರದ ಪೇಂಟಿಂಗ್ ಖರ್ಚಿಗಾಗಿ ವಕೀಲರನ್ನು ಹಿಡಿಯುವವರು ಯಾರು?

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ ಹೇಳಬೇಕು. ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಕಾರಿನ ಹಾನಿಗಾಗಿ ಕಟ್ಟುವ ಪ್ರೀಮಿಯಂನಲ್ಲಿ ಸಿಗುವ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಮೊದಲ ವರ್ಷಕ್ಕೆ ಶೇ 20, ನಂತರ 25, 35, 45 ಎಂದು ಏರುತ್ತಾ ಐದನೆಯ ವರ್ಷಕ್ಕೆ ಶೇ 50ಕ್ಕೆ ಮುಟ್ಟುತ್ತದೆ. ಬೋನಸ್ ಕಳೆಯುವ ಮುನ್ನ ಆ ಪ್ರೀಮಿಯಂ ₹10,000 ಎಂದಿಟ್ಟುಕೊಂಡರೆ, ಐದು ವರ್ಷ ಜೋಪಾನವಾಗಿ ಓಡಿಸಿದವರು ₹5,000 ಉಳಿಸುತ್ತಾರೆ. ಯಾರೋ ಮಾಡಿದ ನಾಲ್ಕು ಸಾವಿರದ ಹಾನಿಗೆ ಅವರು ತಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರೆ, 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕೈಯಿಂದ ಕಟ್ಟಬೇಕಾದ ₹1,000 ಕಳೆದು ಹೆಚ್ಚೆಂದರೆ ಮೂರು ಸಾವಿರ ಬಂದೀತು. ಮುಂದಿನ ವರ್ಷ ಐದು ಸಾವಿರದ ರಿಯಾಯಿತಿ ಹೋಗುತ್ತದೆ, ಮತ್ತೆ ಶೇ 20ರಿಂದ ಏರಬೇಕು. ಬೋನಸ್ ಕಾಪಾಡುವ ಆ್ಯಡ್ಆನ್‌ಗೆ ಪ್ರತ್ಯೇಕ ಹಣ ಕಟ್ಟಿದವರ ಮಾತು ಬೇರೆ. ಉಳಿದವರು ತೆಪ್ಪಗೆ ಟಿಂಕರಿಂಗ್ ಅಂಗಡಿಗೆ ಹೋಗಿ ಸ್ವಂತ ಜೇಬಿನಿಂದ ಕೊಟ್ಟು ಬರುತ್ತಾರೆ.

ಹೀಗಾಗಿ ನ್ಯಾಯವಾಗಿ ಹಣ ಕೊಡಬೇಕಾದವರು ತಗುಲಿಸಿದವರು, ಅವರನ್ನು ಗುರುತಿಸಬಹುದಾದವರು ಪಾರ್ಕಿಂಗ್ ನಡೆಸುವವರು. ಒಳಬರುವ ಪ್ರತಿ ಕಾರಿನ ನಂಬರು ಗೇಟಿನಲ್ಲಿ ಟೋಕನ್ ಅಥವಾ ಫಾಸ್ಟ್ಯಾಗ್ ಮೂಲಕ ದಾಖಲಾಗುತ್ತದೆ, ಕಂಬಕಂಬಕ್ಕೂ ಕ್ಯಾಮೆರಾ ಇರುತ್ತದೆ. ಜನ ಹೆಚ್ಚಾಗಿ ಸೇರುವ ಕಟ್ಟಡಗಳಲ್ಲಿ ಸಿಸಿಟಿವಿ ಅಳವಡಿಸಿ 30 ದಿನಗಳ ದೃಶ್ಯ ಉಳಿಸಿಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯೇ ಹೇಳುತ್ತದೆ. ಆದರೂ ಇತ್ತೀಚೆಗೆ ನಗರದ ಒಂದು ವಾಣಿಜ್ಯ ಸಂಕೀರ್ಣದಲ್ಲಿ ಕಾರಿನ ಎರಡು ಬಾಗಿಲು ಉಜ್ಜಿಸಿಕೊಂಡ ನನ್ನ ಸ್ನೇಹಿತರಿಗೆ, ಪೊಲೀಸರ ಪತ್ರ ತಂದರೆ ಮಾತ್ರ ದೃಶ್ಯ ತೋರಿಸುವುದಾಗಿ ಅಲ್ಲಿನ ಸೆಕ್ಯುರಿಟಿ ಮೇಲ್ವಿಚಾರಕರು ಹೇಳಿದರು; ಠಾಣೆಯಲ್ಲಿ, ಗುದ್ದಿದ ಗಾಡಿಯ ನಂಬರು ತಂದರೆ ದೂರು ಬರೆದುಕೊಳ್ಳುತ್ತೇವೆ ಎಂದರು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ಅಷ್ಟರಲ್ಲಿ ದಿನಗಳು ಕಳೆದು ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿರುತ್ತದೆ.

‘ವಾಹನಗಳ ನಿಲುಗಡೆ ಮಾಲೀಕರ ಸ್ವಂತ ಹೊಣೆಯ ಮೇಲೆ’ ಎಂಬ ಫಲಕ ತೋರಿಸಿ ಬಾಯಿ ಮುಚ್ಚಿಸುವುದು ಇನ್ನೊಂದು ವಿಧಾನ. ಈ ಫಲಕಕ್ಕೆ ಜನರು ಕೊಡುವಷ್ಟು ಬೆಲೆಯನ್ನು ನ್ಯಾಯಾಲಯ ಕೊಟ್ಟಿಲ್ಲ. ದೆಹಲಿಯ ಹೋಟೆಲೊಂದರ ಸಿಬ್ಬಂದಿಗೆ ಕೀಲಿ ಕೊಟ್ಟು ನಿಲ್ಲಿಸಿದ್ದ ಕಾರು 1998ರಲ್ಲಿ ಕಳುವಾದ ಪ್ರಕರಣದಲ್ಲಿ, ತನ್ನ ಸಿಬ್ಬಂದಿಯ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಇಂತಹ ಒಕ್ಕಣೆಯ ಮರೆಯಲ್ಲಿ ಹೋಟೆಲ್ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ಆ ಪೀಠದಲ್ಲಿದ್ದವರು ನಮ್ಮ ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರು. ಕೀಲಿ ನಮ್ಮ ಜೇಬಿನಲ್ಲೇ ಇರುವ ಮಾಲ್ ಪಾರ್ಕಿಂಗ್‌ಗೆ, ಅದರಲ್ಲೂ ಮೂರನೆಯವರು ತಗುಲಿಸಿದ ಸಂದರ್ಭಕ್ಕೆ, ಈ ತೀರ್ಪು ಹಾಗೆಯೇ ಅನ್ವಯಿಸುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ಕೀಲಿ ಪಡೆದು ಕಾರು ನಿಲ್ಲಿಸಿಕೊಡುವ ವ್ಯಾಲೆ ಸಿಬ್ಬಂದಿಯೇ ಅದನ್ನು ಉಜ್ಜಿಸಿಕೊಂಡು ತಂದಾಗ ಚೀಟಿಯ ಹಿಂಬದಿಯ ಸಣ್ಣಕ್ಷರ ಓದಿ ಸುಮ್ಮನಾಗಬೇಕಿಲ್ಲ. ಜಾಗ ಬಿಡುವ ಮುನ್ನ ಫೋಟೊ ತೆಗೆದು, ಚೀಟಿ ಉಳಿಸಿಕೊಂಡು, ಲಿಖಿತ ದೂರು ಕೊಟ್ಟರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ.

ಇನ್ನೊಬ್ಬರ ಚಲನವಲನದ ದೃಶ್ಯವನ್ನು ಕೇಳಿದವರಿಗೆಲ್ಲ ತೋರಿಸಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ತೋರಿಸುವುದು ಬೇಡ. ಕಾರಿನ ಮಾಲೀಕರು ಟೋಕನ್ ಸಹಿತ ದೂರು ಕೊಟ್ಟರೆ, ಸಿಬ್ಬಂದಿಯೇ ಆ ಅವಧಿಯ ದೃಶ್ಯ ನೋಡಿ, ತಗುಲಿಸಿದ ವಾಹನದ ನಂಬರು ಮತ್ತು ಸಮಯವನ್ನು ಎರಡು ದಿನದೊಳಗೆ ಬರೆದುಕೊಡಲಿ. ವಿವಾದ ತೀರುವ ತನಕ ಆ ತುಣುಕನ್ನು ಅಳಿಸದೆ ತೆಗೆದಿಡಲಿ. ಅಷ್ಟು ಸಿಕ್ಕರೆ ಸೆಕ್ಷನ್ 134ರ ಅಡಿ ದೂರು ಕೊಡಲು ಆಧಾರವಿರುತ್ತದೆ, ಬಹಳಷ್ಟು ಪ್ರಕರಣಗಳು ಅದಕ್ಕೂ ಮೊದಲೇ ಒಂದು ಫೋನ್ ಕರೆಯಲ್ಲಿ ಇತ್ಯರ್ಥವಾಗುತ್ತವೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಬಂದಿರುವ ಐದು ನಗರ ಪಾಲಿಕೆಗಳು ಶುಲ್ಕ ಪಡೆಯುವ ಪ್ರತಿ ಪಾರ್ಕಿಂಗ್‌ಗೂ ಈ ನಿಯಮವನ್ನು ಉದ್ದಿಮೆ ಪರವಾನಗಿಯ ಷರತ್ತಾಗಿ ಸೇರಿಸಿ, ದೂರು ಕೊಡಬೇಕಾದವರ ಹೆಸರು, ದೂರವಾಣಿ ಸಂಖ್ಯೆಯನ್ನು ಆ ‘ಸ್ವಂತ ಹೊಣೆ’ ಫಲಕದ ಪಕ್ಕದಲ್ಲೇ ಕನ್ನಡದಲ್ಲಿ ಬರೆಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು