ಟೋನಿ ರೋಮೋ ಯಾರು ಅಂತ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಿಬಿಎಸ್ ಟಿವಿ ಚಾನೆಲ್‌ನಲ್ಲಿ ಕಾಮೆಂಟೇಟರ್ ಜಿಮ್ ನ್ಯಾನ್ಸ್ ಪಕ್ಕ ಕೂತು ಅಷ್ಟು ಹುಮ್ಮಸ್ಸಿನಿಂದ ಮಾತಾಡುವವರು ಯಾರು ಅಂತ ಅಮೆರಿಕನ್ ಫುಟ್‌ಬಾಲ್ ಹೊಸದಾಗಿ ನೋಡುತ್ತಿರುವ ಕೆಲವರು ಕೇಳಿದ್ದೀರಿ. ಅವರೇ ಟೋನಿ ರೋಮೋ.

2003ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮ) ಇವರನ್ನು ಯಾವ ತಂಡವೂ ಆರಿಸಲಿಲ್ಲ. ಆದರೂ ಡಲ್ಲಾಸ್ ಕೌಬಾಯ್ಸ್ ತಂಡ ಸೇರಿ, ವರ್ಷಗಟ್ಟಲೆ ಬೆಂಚಿನಲ್ಲಿ ಕಾದು, 2006ರ ಸೀಸನ್ ಮಧ್ಯದಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುತ್ತಾ ಚೆಂಡು ಎಸೆಯುವ ಆಟಗಾರ) ಜಾಗ ಹಿಡಿದರು. ಒಟ್ಟು 248 ಟಚ್‌ಡೌನ್ ಪಾಸ್ (ಆರು ಅಂಕ ತರುವ ಎಸೆತ), ನಾಲ್ಕು ಸಲ ಪ್ರೋ ಬೌಲ್ ಅನ್ನುವ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆ. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಮಾತ್ರ ಆಡಲಾಗಲಿಲ್ಲ. 2007ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಫೀಲ್ಡ್ ಗೋಲ್‌ಗೆ (ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವುದು) ಒದೆಯುವವನಿಗಾಗಿ ಚೆಂಡು ನಿಲ್ಲಿಸುವಾಗ ಕೈ ಜಾರಿದ್ದನ್ನು ಜನ ಇನ್ನೂ ಎತ್ತಿ ಆಡುತ್ತಾರೆ. ಅದೊಂದರಿಂದಲೇ ಅಳೆಯುವುದು ಅನ್ಯಾಯ ಅಲ್ವಾ?

2016ರಲ್ಲಿ ಬೆನ್ನಿಗೆ ಪೆಟ್ಟಾಯಿತು, ಜಾಗ ಹೊಸ ಆಟಗಾರ ಡಾಕ್ ಪ್ರೆಸ್ಕಾಟ್ ಪಾಲಾಯಿತು. 2017ರಲ್ಲಿ ನಿವೃತ್ತಿ, ನೇರ ಸಿಬಿಎಸ್‌ನ ಮುಖ್ಯ ಕಾಮೆಂಟರಿ ಜೋಡಿಗೆ. 2019ರ ಜನವರಿಯಲ್ಲಿ ಪೇಟ್ರಿಯಟ್ಸ್ ಮತ್ತು ಚೀಫ್ಸ್ ಆಡಿದ ಎಎಫ್‌ಸಿ ಫೈನಲ್‌ನಲ್ಲಿ (ಗೆದ್ದವರು ಸೂಪರ್ ಬೌಲ್‌ಗೆ ಹೋಗುವ ಪಂದ್ಯ), ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಚೆಂಡು ಯಾವ ಕಡೆ ಕಳಿಸಬಹುದು ಅಂತ ಮೊದಲೇ ಹೇಳಿ ಹೇಳಿ, ಅದು ಹಾಗೇ ಆಗುತ್ತಾ ಹೋದಾಗ, ಇವರ ಹೆಸರು ಮನೆಮಾತಾಯಿತು. ಮಂತ್ರವೇನಿಲ್ಲ, ಡಿಫೆನ್ಸ್ (ತಡೆಯುವ ತಂಡ) ನಿಂತ ರೀತಿ ಓದುತ್ತಾರೆ ಅಷ್ಟೆ.

ಈಚೆಗೆ ಮಾತು ಜಾಸ್ತಿ, ವಿಶ್ಲೇಷಣೆ ಕಡಿಮೆ ಅನ್ನುವ ದೂರಿದೆ. ನನಗೂ ಸ್ವಲ್ಪ ಹಾಗನ್ನಿಸುತ್ತದೆ. ಆದರೂ ಸುಮ್ನೆ ಮ್ಯೂಟ್ ಮಾಡಬೇಡಿ, ಸ್ನ್ಯಾಪ್‌ಗೆ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವುದು) ಮುಂಚಿನ ಕ್ಷಣಗಳಲ್ಲಿ ಅವರು ಹೇಳುವುದನ್ನು ಕೇಳಿ.