ಕುಡಿತ ಬಿಡಿಸುವ ಮೊದಲ 4 ದಿನ

ಮಾನ್ಯರೇ,

ಕಾಫಿ ತೋಟದ ಲೈನ್‌ಮನೆಯಿರಲಿ, ದೊಡ್ಡ ಮನೆಯಿರಲಿ, ಕೊಡಗಿನಲ್ಲಿ ವರ್ಷಗಟ್ಟಲೆ ದಿನವೂ ಕುಡಿದವರಿಂದ ಆಣೆ ಹಾಕಿಸಿ, ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಲು ನೋಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೇ ಅಪಾಯ.

ಕುಡಿತ ನಿಲ್ಲಿಸಿದ 6ರಿಂದ 8 ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗುತ್ತದೆ. 2 ದಿನದೊಳಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ನಡುವೆ ಕೆಲವರಿಗೆ ಜ್ವರ ಬರುತ್ತದೆ, ಮಾತು ತಪ್ಪುತ್ತದೆ, ಗೋಡೆಯ ಮೇಲೆ ಇಲ್ಲದ ಹುಳುಗಳು ಕಾಣುತ್ತವೆ. ಇದು ಗಾಳಿ ಸೋಕಿದ್ದಲ್ಲ, ಡೆಲಿರಿಯಂ, ಅಂದರೆ ಕುಡಿತ ನಿಂತಾಗ ಬುದ್ಧಿ ಭ್ರಮಿಸುವ ಸ್ಥಿತಿ. ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಬೆಳಗ್ಗೆ ನಡುಕ ನಿಲ್ಲಲು ಒಂದು ಪ್ಯಾಕೆಟ್ ಮದ್ಯ ಬೇಕೇ ಬೇಕು ಎನ್ನುವವರು, ಹಿಂದೆ ಫಿಟ್ಸ್ ಬಂದವರು ವೈದ್ಯರಿಲ್ಲದೆ ದಿಢೀರನೆ ನಿಲ್ಲಿಸಬಾರದು. ವೈದ್ಯರು ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು, ಅದರ ಪ್ರಮಾಣವನ್ನು ಸುಮಾರು ಒಂದು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಸುಸ್ತೆಂದು ಬರೀ ಗ್ಲೂಕೋಸ್ ಏರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಕುಡುಕರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಕುಡಿತದ ವಿಷಯ ಮುಚ್ಚಿಡದೆ ನರ್ಸಮ್ಮನಿಗೂ ಹೇಳಿ.

ಸಾರಿನಲ್ಲಿ ಗುಟ್ಟಾಗಿ ಕುಡಿತ ಬಿಡಿಸುವ ಮಾತ್ರೆ ಡೈಸಲ್ಫಿರಾಂ ಬೆರೆಸುವುದಂತೂ ಬೇಡವೇ ಬೇಡ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾವೂ ಬರಬಹುದು.

ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416, ದಿನದ 24 ಗಂಟೆಯೂ ಉಚಿತ.

— ಓದುಗರು, ಮಡಿಕೇರಿ