ಸಂತಾನಹೀನತೆ ಚಿಕಿತ್ಸೆ: ಕೋಡ್ ಇಲ್ಲದ ಕಾಯಿಲೆಗೆ ಚೀಟಿ ಬರೆಯುವವರಾರು?

ಮಾನ್ಯ ಸಂಪಾದಕರೇ,

ಮಕ್ಕಳಾಗದ ದಂಪತಿಗೆ ಸರ್ಕಾರದ ವತಿಯಿಂದ ಚಿಕಿತ್ಸೆ ಸಿಗಬೇಕೆಂಬ ಮಾತು ಬಂದಾಗಲೆಲ್ಲ ಚರ್ಚೆ ನೇರವಾಗಿ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಕಡೆಗೆ, ಅದಕ್ಕೆ ತಗಲುವ ಲಕ್ಷಗಳ ಕಡೆಗೆ ಹೋಗಿಬಿಡುತ್ತದೆ. ತಾಲ್ಲೂಕು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾಗಿರುವ ನಾನು ಕಂಡಂತೆ, ಬಡ ದಂಪತಿಗಳ ಪೈಕಿ ಹೆಚ್ಚಿನವರು ಐವಿಎಫ್ ಬಾಗಿಲಿನವರೆಗೆ ಬರುವುದೇ ಇಲ್ಲ. ಯಾವ ಪರೀಕ್ಷೆ ಮೊದಲು, ಯಾವ ಆಸ್ಪತ್ರೆಗೆ, ಯಾರ ಸಹಿಯೊಂದಿಗೆ ಹೋಗಬೇಕು ಎಂಬುದು ತಿಳಿಯದೆ ಅವರು ಅದಕ್ಕಿಂತ ಬಹಳ ಹಿಂದೆಯೇ ಕೈಚೆಲ್ಲಿರುತ್ತಾರೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಆರಂಭವಾದಾಗ ಒಂದು ಒಳ್ಳೆಯ ಕ್ರಮವನ್ನು ತಂದಿತು. ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ವೈದ್ಯರು ಬೇರೆ ಆಸ್ಪತ್ರೆಗೆ ಕಳುಹಿಸುವ ರೆಫರಲ್ ಪತ್ರ ಕೊಡಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವೆಚ್ಚವನ್ನೂ, ಎಪಿಎಲ್ ಕುಟುಂಬಕ್ಕೆ 1.5 ಲಕ್ಷದ ಮಿತಿಯೊಳಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರ) ಶೇ 30ರಷ್ಟನ್ನೂ ಯೋಜನೆಯೇ ಭರಿಸುತ್ತದೆ. ರೆಫರಲ್ ಪತ್ರವನ್ನು ಬರೆಯುವುದು ಚಿಕಿತ್ಸೆಯ ಕೋಡ್, ಅಂದರೆ ಯೋಜನೆಯ ಪಟ್ಟಿಯಲ್ಲಿ ಆ ಚಿಕಿತ್ಸೆಗಿರುವ ಗುರುತು, ನೋಡಿಕೊಂಡು. ಆದರೆ ಆಯುಷ್ಮಾನ್ ಭಾರತ್ ಯೋಜನೆ ಸಂತಾನಹೀನತೆಯ ಚಿಕಿತ್ಸೆಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿದೆ. ಕೋಡ್ ಇಲ್ಲದ ಮೇಲೆ ಚೀಟಿ ಬರೆಯುವ ಪ್ರಶ್ನೆಯೂ ಏಳುವುದಿಲ್ಲ. ಹೆಚ್ಚೆಂದರೆ ಒಪಿಡಿ (ಹೊರರೋಗಿ ವಿಭಾಗ) ಚೀಟಿಯ ಹಿಂಬದಿಯಲ್ಲಿ ‘ಹೈಯರ್ ಸೆಂಟರ್‌ಗೆ ಹೋಗಿ’ ಎಂದು ಬರೆದು ಕಳುಹಿಸುತ್ತಾರೆ. ಯಾವ ಸೆಂಟರ್ ಎಂಬುದನ್ನು ರೋಗಿಯೇ ಹುಡುಕಿಕೊಳ್ಳಬೇಕು. ಖಾಸಗಿ ವಿಮೆಯನ್ನು ನೆಚ್ಚಿಕೊಳ್ಳೋಣವೆಂದರೆ ಅಲ್ಲಿಯೂ ಬಂಜೆತನದ ಚಿಕಿತ್ಸೆಯು ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿದೆ.

ವಿಚಿತ್ರವೆಂದರೆ, ಮಗುವಾಗದಿರಲು ಕಾರಣವಾಗುವ ಎಷ್ಟೋ ಕಾಯಿಲೆಗಳಿಗೆ ಸರ್ಕಾರ ಈಗಾಗಲೇ ಹಣ ಕೊಡುತ್ತಿದೆ. ನಮ್ಮ ದೇಶದಲ್ಲಿ ಗರ್ಭನಾಳಗಳು ಮುಚ್ಚಿಹೋಗಲು ಒಂದು ಮುಖ್ಯ ಕಾರಣ ಜನನಾಂಗದ ಕ್ಷಯ. ಕ್ಷಯದ ಮಾತ್ರೆಗಳು ಪೂರ್ತಿ ಉಚಿತ. ಗರ್ಭಕೋಶದ ಗಡ್ಡೆಯ ಶಸ್ತ್ರಚಿಕಿತ್ಸೆಗೂ ಯೋಜನೆಯಲ್ಲಿ ಪ್ಯಾಕೇಜ್ ಇದೆ. ಕಾರಣವನ್ನು ಪತ್ತೆಹಚ್ಚುವ ದಾರಿ ಮಾತ್ರ ಇಲ್ಲ.

ಆ ದಾರಿ ಗಂಡನ ವೀರ್ಯ ಪರೀಕ್ಷೆಯನ್ನೂ ಮೊದಲಲ್ಲೇ ಒಳಗೊಂಡಿರಬೇಕು. ಅದಕ್ಕೆ ಬೇಕಾದದ್ದು ಕ್ಷಯದ ಕಫ, ಮಲೇರಿಯಾದ ರಕ್ತ ನೋಡುವ ಅದೇ ಸೂಕ್ಷ್ಮದರ್ಶಕ, ಎಣಿಕೆಯ ಗಾಜಿನ ಫಲಕ ಮತ್ತು ತರಬೇತಾದ ಕಣ್ಣು. ಎರಡರಿಂದ ಏಳು ದಿನಗಳ ಸಂಯಮದ ನಂತರ ಮಾದರಿ ಕೊಡಬೇಕು. ಕೊಟ್ಟ ಒಂದು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಹೀಗಾಗಿ ದೂರದ ಹಳ್ಳಿಯವರು ಮನೆಯಿಂದ ತರುವಂತಿಲ್ಲ. ಆಸ್ಪತ್ರೆಯಲ್ಲಿ ಅದಕ್ಕೊಂದು ಕೋಣೆಯಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಹಿಡಿದು ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಂತು, ಪರಿಚಯದವರು ಕಂಡೊಡನೆ ಡಬ್ಬಿಯನ್ನು ಜೇಬಿಗೆ ತುರುಕಿ ಹೊರಟುಹೋದ ಗಂಡಸರನ್ನು ನಾನು ನೋಡಿದ್ದೇನೆ. ಅವರು ಮತ್ತೆ ಬರುವುದಿಲ್ಲ. ಅವರ ಹೆಂಡಂದಿರು ಬರುತ್ತಾರೆ, ಒಬ್ಬೊಬ್ಬರೇ, ಸ್ಕ್ಯಾನಿಂಗ್ ವರದಿಗಳು, ಥೈರಾಯ್ಡ್ ವರದಿಗಳು, ಗರ್ಭನಾಳದ ಟ್ಯೂಬ್ ಟೆಸ್ಟಿನ ಎಕ್ಸ್‌ರೇ ತುಂಬಿದ ಕವರು ಹಿಡಿದು. ಪ್ರತಿ ಹೊಸ ಆಸ್ಪತ್ರೆಯೂ ಹಳೆಯ ವರದಿಗಳನ್ನು ಪಕ್ಕಕ್ಕಿಟ್ಟು ಅವೇ ಪರೀಕ್ಷೆಗಳನ್ನು ಮತ್ತೆ ಬರೆಯುತ್ತದೆ. ಗಂಡನದೊಂದು ವರದಿ ಆ ಕವರಿನಲ್ಲಿ ಅಪರೂಪ. ತಪ್ಪು ಹೆಂಗಸಿನದೇ ಎಂದು ಅತ್ತೆಮನೆ ತೀರ್ಮಾನಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮ ಆಸ್ಪತ್ರೆಗಳ ನಡವಳಿಕೆಯೂ ಅದನ್ನೇ ಹೇಳುತ್ತಿದೆ.

ಇಲ್ಲಿ ಕಳೆಯುವ ಕಾಲ ಸಣ್ಣದಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ತಪಾಸಣೆ ಆರಂಭಿಸಬೇಕೆಂಬುದು, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಆರಂಭಿಸಬೇಕೆಂಬುದು ವೈದ್ಯಕೀಯ ವಲಯದಲ್ಲಿ ಒಪ್ಪಿತವಾದ ಮಾತು. ಆ ವಯಸ್ಸಿನ ನಂತರ ಐವಿಎಫ್ ಫಲಿಸುವ ಸಾಧ್ಯತೆಯೂ ಇಳಿಯುತ್ತಾ ಹೋಗುವುದರಿಂದ, ತಡವಾಗಿ ಬರೆದ ಚೀಟಿಯ ನಷ್ಟವನ್ನು ಆಮೇಲೆ ಎಷ್ಟು ಹಣ ಸುರಿದರೂ ತುಂಬಲಾಗದು.

ಸಾರ್ವಜನಿಕ ಹಣದಲ್ಲಿ ಈ ಚಿಕಿತ್ಸೆ ಕೊಡುವುದು ಅಸಾಧ್ಯ ಎನ್ನುವವರು ಕೇಂದ್ರ ಸರ್ಕಾರದ ನೌಕರರಿಗೆ ಅನ್ವಯಿಸುವ 2011ರ ಆದೇಶವನ್ನು ಓದಬೇಕು. ಸರ್ಕಾರಿ ವೈದ್ಯಕೀಯ ಸಂಸ್ಥೆಯ ಸ್ತ್ರೀರೋಗ ವಿಭಾಗದ ಮುಖ್ಯಸ್ಥರ ಶಿಫಾರಸಿನ ಮೇಲೆ, ಒಂದು ಸುತ್ತಿಗೆ 65,000 ರೂಪಾಯಿ ಮೀರದಂತೆ, ಮೂರು ಸುತ್ತುಗಳವರೆಗೆ ಐವಿಎಫ್ ವೆಚ್ಚ ಮರುಪಾವತಿಗೆ ಆ ಆದೇಶ ಅವಕಾಶ ಕೊಟ್ಟಿತು. ಯಾರು ಶಿಫಾರಸು ಮಾಡಬೇಕು, ಎಷ್ಟು ಹಣ, ಎಷ್ಟು ಬಾರಿ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿದೆ. ಸಂಬಳ ಪಡೆಯುವ ನೌಕರರಿಗೆ ಸಾಧ್ಯವಾದ ನಿಯಮ ಕೂಲಿಯವರಿಗೆ ಏಕೆ ಸಾಧ್ಯವಿಲ್ಲ? ನೆರೆಯ ಗೋವಾ 2023ರಲ್ಲಿ ಬಾಂಬೋಳಿಯ ತನ್ನ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಆರಂಭಿಸಿತು. ಗೋವಾ ಚಿಕ್ಕ ರಾಜ್ಯ ಎಂಬುದು ನಿಜ. ಆದರೆ ಪ್ರತಿ ಜಿಲ್ಲೆಯಲ್ಲೂ ಐವಿಎಫ್ ಘಟಕ ತೆರೆಯಿರಿ ಎಂದು ನಾನೂ ಕೇಳುತ್ತಿಲ್ಲ. ನುರಿತ ಭ್ರೂಣತಜ್ಞರಿಲ್ಲದ ಘಟಕಕ್ಕಿಂತ ಘಟಕವಿಲ್ಲದಿರುವುದೇ ಮೇಲು. ಪ್ರತಿ ಕಂದಾಯ ವಿಭಾಗದ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅದು ಇರಲಿ. ಜಿಲ್ಲಾ ಆಸ್ಪತ್ರೆಗಳು ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆಯಡಿ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಸರಳ ಚಿಕಿತ್ಸೆ) ಮಾತ್ರ ಮಾಡುವ ಲೆವೆಲ್-1 ಕ್ಲಿನಿಕ್‌ಗಳಾಗಿ ನೋಂದಣಿಯಾಗಲಿ. ಈ ಎರಡಕ್ಕೂ ಆರೋಗ್ಯ ಕರ್ನಾಟಕದಲ್ಲಿ ಕೋಡ್ ಬರಲಿ.

ಇದಕ್ಕೆಲ್ಲ ಸಂಪುಟದ ಒಪ್ಪಿಗೆ, ಬಜೆಟ್ ಬೇಕಾದೀತು. ಅಲ್ಲಿಯವರೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಸುತ್ತೋಲೆಯಿಂದಲೇ ಮಾಡಬಹುದಾದದ್ದಿದೆ: ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ಒಂದೇ ರೆಫರಲ್ ಪತ್ರ, ಅದರಲ್ಲಿ ಈವರೆಗಿನ ವರದಿಗಳ ವಿವರ, ರೋಗಿ ಹೋಗಬೇಕಾದ ಆಸ್ಪತ್ರೆಯ ಹೆಸರು ಮತ್ತು ಅಲ್ಲಿ ಒಪಿಡಿ ನಡೆಯುವ ದಿನ, ಜೊತೆಗೆ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದ ಪಕ್ಕದಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಕೋಣೆ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ತುಮಕೂರು ಜಿಲ್ಲೆ